ನಮ್ಮ ಮನೆಯ ಎರಡು ವೋಟು

ಶನಿವಾರ ಬೆಳಿಗ್ಗೆ ಅಡುಗೆಮನೆಯಿಂದ ಗಿರಮಿಟ್ಟಿನ ಒಗ್ಗರಣೆಯ ವಾಸನೆ ಬಂದರೆ ಯಾರಿಗಾದರೂ ಹಸಿವಾಗುತ್ತದೆ. ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ. ಇವತ್ತೂ ಹಾಗೇ ಆಯಿತು. ಈರುಳ್ಳಿ, ಹುಣಸೆಹುಳಿ, ಬೆಲ್ಲ ಕೂಡಿ ಕುದಿಯುವ ವಾಸನೆ ಮಹಡಿಯ ಮೇಲಿನ ನನ್ನ ಕೋಣೆಗೆ ಬಂದ ಕೂಡಲೇ ತಿಳಿಯಿತು, ಪಾಸ್ಟರು ಐದನೇ ಸಲ ಚುನಾವಣೆಗೆ ನಿಂತಿದ್ದಾರೆ.

ಅವಸರ ಮಾಡಬೇಡಿ, ಹೇಳುತ್ತೇನೆ. ಪಾಸ್ಟರ್ ವೆಂಡೆಲ್ ಎಂದರೆ ಸ್ಟರ್ಲಿಂಗ್ ಹೈಟ್ಸಿನ ನಮ್ಮ ಬಡಾವಣೆಯಲ್ಲಿ ನಮ್ಮಿಂದ ಮೂರನೇ ಮನೆಯವರು. ಹದಿನೆಂಟನೇ ಮೈಲಿ ಎಂಬ ಹೆಸರಿನ ರಸ್ತೆಯಲ್ಲಿ, ಹಿಂದೆ ಕಾರ್ಪೆಟ್ ಅಂಗಡಿಯಿದ್ದ ಜಾಗದಲ್ಲಿ ಅವರ ಚರ್ಚು. ಭಾನುವಾರ ಐವತ್ತು ಜನ ಸೇರಿದರೆ ಹೆಚ್ಚು. ಅಷ್ಟು ಜನರನ್ನು ನಂಬಿಕೊಂಡು ಈ ಮನುಷ್ಯ ಎರಡು ವರ್ಷಕ್ಕೊಮ್ಮೆ ವಾಷಿಂಗ್ಟನ್ನಿನ ಪಾರ್ಲಿಮೆಂಟಿಗೆ, ಅಂದರೆ ಇಲ್ಲಿಯವರು ಹೇಳುವ ಕಾಂಗ್ರೆಸ್ಸಿಗೆ, ನಿಲ್ಲುತ್ತಾರೆ. ಆಗಸ್ಟ್ ತಿಂಗಳಲ್ಲಿ, ಪಕ್ಷದ ಒಳಗೇ ನಡೆಯುವ ಮೊದಲ ಸುತ್ತಿನಲ್ಲಿ, ಸೋಲುತ್ತಾರೆ. ಮರುದಿನ ಹಳೆಯ ವ್ಯಾನಿನಲ್ಲಿ ಬಂದು ಮನೆಮನೆಯ ಹುಲ್ಲಿನಲ್ಲಿ ನೆಟ್ಟಿದ್ದ ತಮ್ಮ ಹೆಸರಿನ ಬೋರ್ಡುಗಳನ್ನು ತಾವೇ ಕಿತ್ತು, ಮಣ್ಣು ಒರೆಸಿ, ಮುಂದಿನ ಸಲಕ್ಕೆ ಎತ್ತಿಡುತ್ತಾರೆ. ಬೋರ್ಡಿನ ಮೇಲೆ ಅವರು ಇಸವಿ ಹಾಕಿಸುವುದೇ ಇಲ್ಲ.

ಅವರು ನಿಂತರೆ, ಸೋತರೆ ನನಗೇನು ಎಂದು ನೀವು ಕೇಳಬಹುದು. ಅವರ ಕಾರ್ಯಕರ್ತರಿಗೆ ಗಿರಮಿಟ್ಟು ಮಾಡುವವಳು ನನ್ನ ಹೆಂಡತಿ ಮಂಗಳಾ. ನನಗಿರುವುದು ನೀವು ಅಂದುಕೊಂಡ ಬಗೆಯ ಅನುಮಾನವಲ್ಲ. ಪಾಸ್ಟರಿಗೆ ಎಪ್ಪತ್ತು ಹತ್ತಿರವಾಯಿತು, ಅವರ ಹೆಂಡತಿಯೇ ಮಂಗಳಾಳ ಗಿರಮಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿನ್ನುತ್ತಾರೆ. ಆದರೂ ಹೊಟ್ಟೆಕಿಚ್ಚಿಗೆ ಇಷ್ಟೇ ಜಾಗ ಸಾಕು ಎಂದು ಯಾರೂ ಗೆರೆ ಹಾಕಿಕೊಟ್ಟಿಲ್ಲವಲ್ಲ.

ಮೊದಲ ಸಲ ಪಾಸ್ಟರು ನಮ್ಮ ಮನೆಯ ಗಂಟೆ ಒತ್ತಿದಾಗ ನಾನು ಆಫೀಸಿನಲ್ಲಿದ್ದೆ. ಸಂಜೆ ಬಂದು ನೋಡಿದರೆ ಸಿಂಕಿನಲ್ಲಿ ಎರಡು ಕಪ್ಪು.

"ಯಾರು ಬಂದಿದ್ರು?"

"ಇಲೆಕ್ಷನ್ನಿಗೆ ನಿಂತಾರಂತ್ರಿ. ನಮಗ ವೋಟಿಲ್ಲ, ನಾವಿನ್ನೂ ಸಿಟಿಜನ್ ಆಗಿಲ್ಲ ಅಂದೆ. ಆದ್ರೂ ಕುಂತು ಚಹಾ ಕುಡದು, ನಿನಗೇನು ಬೇಕಾಗೇದ ಅಂತ ಕೇಳಿದ್ರು." ಮಂಗಳಾ ಧಾರವಾಡದವಳು. ನಾನು ಮೈಸೂರಿನವನು.

"ನೀನೇನಂದೆ?"

"ಹದಿನೆಂಟನೇ ಮೈಲಿ ರೋಡಿಗೆ ಒಂದು ಬಸ್ ಬೇಕು ಅಂದೆ. ಬರಕೊಂಡ್ರು."

ನಾನು ನಕ್ಕೆ. ಮನೆಗೆ ಎರಡೆರಡು ಕಾರಿರುವ ಊರಿಗೆ ಬಸ್ಸಂತೆ! ಮುಂದಿನ ವಾರ ಅವರ ಕರಪತ್ರ ಬಂತು. ಅದರ ಮೂರನೇ ಸಾಲಿನಲ್ಲಿ ಬಸ್ಸಿತ್ತು. ನಗು ಅಲ್ಲೇ ನಿಂತಿತು. ಬ್ರೇಕಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಷ್ಟು ವರ್ಷ ದುಡಿದಿದ್ದೇನೆ, ನಾನು ಕೊಟ್ಟ ಒಂದು ಸಲಹೆಯೂ ಯಾವ ಮೀಟಿಂಗಿನ ಸ್ಲೈಡಿನ ಮೇಲೂ ಬಂದದ್ದಿಲ್ಲ. ವೋಟಿಲ್ಲದ ನನ್ನ ಹೆಂಡತಿಯ ಮಾತು ಅಚ್ಚಾಗಿತ್ತು. ಅವಳು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಹಾಲು ತೆಗೆಯಲು ಹೋದಾಗಲೆಲ್ಲ ಅದರ ಫೋಟೋದಿಂದ ಪಾಸ್ಟರು ನನ್ನ ಕಡೆ ನೋಡಿ ನಗುತ್ತಿದ್ದರು.

ಇಲ್ಲಿ ನನ್ನದೂ ಒಂದು ಚುನಾವಣೆಯ ಕಥೆ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಪಾಸ್ಟರು ಮೊದಲ ಸಲ ನಿಲ್ಲುವ ಹಿಂದಿನ ದೀಪಾವಳಿಗೆ ನಾನು ನಮ್ಮ ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದೆ. ಎದುರಿಗೆ ಬಾಗಲಕೋಟೆಯ ಒಬ್ಬ ಡಾಕ್ಟರು. ಸಂಘದಲ್ಲಿ ಸದಸ್ಯತ್ವ ಮನೆಗೊಂದು, ಮನೆಗೆ ಎರಡು ವೋಟು. ಮೂರು ವಾರ ಊರಿಗೆಲ್ಲ ಫೋನ್ ಮಾಡಿದೆ. ಫೋನೆತ್ತಿದ ಪ್ರತಿಯೊಬ್ಬ ಗಂಡನೂ "ನಮ್ಮನೆ ಎರಡೂ ನಿಮ್ಗೇ ಸಾರ್" ಎಂದ. ನಾನು ಒಂದು ಲಕೋಟೆಯ ಹಿಂದೆ ಎರಡು, ನಾಲ್ಕು, ಆರು ಎಂದು ಬರೆದುಕೊಂಡು ಹೋದೆ. ಸ್ವಾಗತ ಭಾಷಣವನ್ನೂ ಬರೆದೆ.

ಶಾಲೆಯ ಕೆಫೆಟೇರಿಯದಲ್ಲಿ ಹಬ್ಬದ ಊಟ ಮುಗಿದ ಮೇಲೆ ಚೀಟಿ ಎಣಿಸಿದರು. ನನಗೆ ಮೂವತ್ತೇಳು, ಡಾಕ್ಟರಿಗೆ ನಲವತ್ತೊಂದು. ಸೋತದ್ದಕ್ಕಿಂತ ಆ ಬೆಸ ಸಂಖ್ಯೆ ನನ್ನನ್ನು ಹೆಚ್ಚು ಕಾಡಿತು. ಅಲ್ಲಿಗೆ ಎಲ್ಲರೂ ಜೋಡಿಯಾಗಿಯೇ ಬಂದಿದ್ದರು. ಎರಡೆರಡಾಗಿ ಬಿದ್ದ ವೋಟು ಮೂವತ್ತೇಳಾಗುವುದು ಹೇಗೆ? ಯಾವುದೋ ಒಂದು ಮನೆಯಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಹಾಕಿರಬೇಕು. ಆ ಗಂಡ ಎಂಥ ಪೆದ್ದನೋ ಎಂದು ಕನಿಕರಪಟ್ಟದ್ದೂ ಉಂಟು. ಪಕ್ಕದ ಟ್ರಾಯ್ ಊರಿನ ಶೇಷಾದ್ರಿಯ ಮೇಲೆ ನನಗೆ ಗುಮಾನಿ ಬಂತು. ಹದಿನಾರು ವರ್ಷಗಳ ಗೆಳೆತನ, ಆದರೆ ಆ ದಿನ ನನ್ನ ಕಣ್ಣು ತಪ್ಪಿಸಿ ಪಾಯಸ ಕುಡಿಯುತ್ತಿದ್ದ. ಮತ್ತೆ ಅವನ ಮನೆಯ ಮೆಟ್ಟಿಲು ಹತ್ತಲಿಲ್ಲ. ಒಮ್ಮೆ ದೇವಸ್ಥಾನದಲ್ಲಿ ಅವನು ಎದುರಾದಾಗ ಚಪ್ಪಲಿ ಗೂಡಿನ ಹಿಂದೆ ಬಗ್ಗಿ ನಿಂತಿದ್ದೆ, ಐವತ್ತು ದಾಟಿದ ಗಂಡಸು.

"ಇನ್ನು ಸಂಘಕ್ಕೆ ನಾವು ಹೋಗೋದು ಬೇಡ" ಎಂದೆ. ಸೋತವನು ನಾನು, ಹೋಗದೆ ಉಳಿದವರು ನಾವು. ಮಂಗಳಾ ಸಂಘದ ಮೇಳದಲ್ಲಿ ಮುಂದಿನ ಸಾಲಿನಲ್ಲಿ ಹಾಡುತ್ತಿದ್ದವಳು. ಆ ಚಳಿಗಾಲವೆಲ್ಲ ಅವಳು ಕಿಟಕಿಯ ಪಕ್ಕ ಸ್ವೆಟರ್ ಹೆಣೆದಳು. ಮುಂದಿನ ಬೇಸಿಗೆಯಲ್ಲಿ ಪಾಸ್ಟರು ಗಂಟೆ ಒತ್ತಿದರು.

ಅಲ್ಲಿಂದ ಅವಳಿಗೆ ಕೈತುಂಬ ಕೆಲಸ. ಪೋಸ್ಟ್‌ಕಾರ್ಡು ಬರೆದಳು, ಬಾಗಿಲು ತಟ್ಟಿದಳು, ಹದಿನೆಂಟನೇ ಮೈಲಿಯಿಂದ ಆಚೆ ಡ್ರೈವ್ ಮಾಡಲು ಹೆದರುತ್ತಿದ್ದವಳು ಫ್ರೀವೇ ಹತ್ತಿದಳು. ಊಟಕ್ಕೆ ಕೂತರೆ ಪಾಸ್ಟರು ಹಾಗಂದರು, ಪಾಸ್ಟರು ಹೀಗಂದರು. ಬೋಲಿಂಗ್‌ಬ್ರೂಕಿನಲ್ಲಿ ಕೆಲಸದಲ್ಲಿರುವ ಮಗಳ ಹತ್ತಿರ ಫೋನಿನಲ್ಲಿ ಗೊಣಗಿದೆ. "ಅಪ್ಪಾ, ಯೂ ಆರ್ ಜಸ್ಟ್ ಜೆಲಸ್" ಎಂದಳು. ನಾನು ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟೆ.

ಜೆಲಸ್ ಹೌದು. ಅವರು ಗೆದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಾಲ್ಕು ಸಲ ಸೋತು, ಸೋತ ಮರುದಿನವೇ ನಗುತ್ತ ಬಂದು ಬೋರ್ಡು ಕೀಳುತ್ತಾರಲ್ಲ, ಅದಕ್ಕೆ. ಒಂದೇ ಸಲ ಸೋತ ನಾನು ಚಪ್ಪಲಿ ಗೂಡಿನ ಹಿಂದೆ ಸೇರಿಕೊಂಡಿದ್ದೆ.

ಹಿಂದಿನ ಸಲದ ಹೊತ್ತಿಗೆ ನಮಗೆ ಪೌರತ್ವ ಬಂದಿತ್ತು. ಅಂಚೆಯಲ್ಲಿ ಇಬ್ಬರ ಮತಪತ್ರವೂ ಬಂತು. ಊಟದ ಮೇಜಿನ ಮೇಲೆ ಎದುರುಬದುರು ಕೂತು ತುಂಬಿದೆವು. ಮಂಗಳಾ ಮೊದಲು ಪಾಸ್ಟರ ಹೆಸರಿನ ಮುಂದಿನ ಸೊನ್ನೆಯನ್ನು ರಂಗೋಲಿಗೆ ಬಣ್ಣ ತುಂಬಿದ ಹಾಗೆ ತುಂಬಿದಳು. ನಾನು ಅವರ ಹೆಸರನ್ನು ಬಿಟ್ಟು, ಕೆಳಗೆ ನನಗೆ ಗುರುತೇ ಇಲ್ಲದ ಒಬ್ಬನಿಗೆ ಹಾಕಿದೆ. ಈ ದೇಶದಲ್ಲಿ ನಾನು ಹಾಕಿದ ಮೊದಲ ವೋಟು. ಲಕೋಟೆ ಅಂಟಿಸುವಾಗ ಖುಷಿಯಾದದ್ದು ನಿಜ, ಸುಳ್ಳು ಹೇಳುವುದಿಲ್ಲ. "ಹಾಕಿದ್ರಿ?" ಎಂದಳು. "ಹೂಂ" ಎಂದೆ. ಪಾಸ್ಟರು ಎಂದಿನಂತೆ ಸೋತರು, ಮರುದಿನ ಬೋರ್ಡು ಕೀಳಲು ಬಂದಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ನಿಮ್ಮಿಬ್ಬರ ಮೊದಲ ವೋಟು ನನಗೆ ಸಿಕ್ಕಿತು, ಅದೇ ದೊಡ್ಡದು ಎಂದರು. ಆ ಖುಷಿ ಅಲ್ಲಿಗೆ ಮುಗಿಯಿತು. ಅಂಗೈ ಬೆವರುತ್ತಿತ್ತು, ಬಿಡಿಸಿಕೊಳ್ಳಲು ಆಗಲಿಲ್ಲ.

ಇವತ್ತು ಕೆಳಗಿಳಿದು ಹೋದರೆ ಮಂಗಳಾ ಬಾಣಲೆಯಲ್ಲಿ ಕೈಯಾಡಿಸುತ್ತಿದ್ದಳು. ಚುರುಮುರಿಯ ಚೀಲ ಪಕ್ಕದಲ್ಲಿತ್ತು.

"ಪಾಸ್ಟರು ಈ ಸಲ ಬೆಂಬಲ ಕೊಡೋರ ಹೆಸರು ಅಚ್ಚು ಹಾಕಸ್ತಾರಂತ. ನಿಮ್ಮ ಹೆಸರು ಹಾಕಬಹುದೇನು ಅಂತ ಕೇಳ್ಯಾರ. ಹಾಕ್ರಿ ಅಂತ ಹೇಳ್ಲ್ಯಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆ ಬೆವರಿದ ಅಂಗೈ ನೆನಪಾಯಿತು.

"ಬೇಡ. ಹಿಂದಿನ ಸಲ ನಾನು ಅವರಿಗೆ ವೋಟ್ ಹಾಕ್ಲಿಲ್ಲ ಮಂಗಳಾ."

"ಗೊತ್ತದ." ಅವಳ ಕೈ ನಿಲ್ಲಲಿಲ್ಲ. "ಪರೀಕ್ಷಾದಾಗ ಕಾಪಿ ಹೊಡೆಯೋ ಹುಡುಗರಂಗ ಕೈ ಅಡ್ಡ ಇಟ್ಕೊಂಡು ತುಂಬಿದ್ರಲ್ಲ. ಯಾಕ ಹಾಕಲಿಲ್ಲ?"

"ಹೊಟ್ಟೆಕಿಚ್ಚು ಕಣೇ. ಇನ್ನೇನು."

ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು. "ಹಂಗಾರ ನಾನೂ ಒಂದು ಹೇಳ್ತೀನಿ. ಸಿಟ್ಟಾಗಬ್ಯಾಡ್ರಿ. ಸಂಘದಾಗ ನೀವು ನಿಂತಾಗ ನಾನು ನಿಮಗ ಹಾಕಿರ್ಲಿಲ್ಲ."

ಎಂಟು ವರ್ಷ ನಾನು ಹುಡುಕಿದ ಆ ಬೆಸ ವೋಟಿನ ಮನೆ ನಮ್ಮದೇ. ಶೇಷಾದ್ರಿಯ ಮುಖ ಕಣ್ಣ ಮುಂದೆ ಬಂತು. ಕುರ್ಚಿ ಎಳೆದುಕೊಂಡು ಕೂತೆ.

"ಯಾಕೆ?"

"ಮೂರು ವಾರ ಇಲ್ಲೇ, ಈ ಅಡಗಿಮನ್ಯಾಗ ನಿಂತು ಊರಿಗೆಲ್ಲ ಫೋನ್ ಮಾಡಿದ್ರಿ. ನಾ ಇಲ್ಲೇ ಇದ್ದೆ. 'ನಮ್ಮನೆ ಎರಡಂತೂ ಇದ್ದೇ ಇದೆ' ಅಂತ ಎಲ್ಲಾರಿಗೂ ಹೇಳಿದ್ರಿ. ನನ್ನೊಬ್ಬಾಕಿನ್ನ ಕೇಳಲಿಲ್ಲ." ಅವಳ ದನಿ ಸಣ್ಣಗಾಯಿತು. "ಮುಂದಿನ ಸಲ ಕೇಳ್ತೀರಿ, ಆವಾಗ ಹಾಕೋಣು ಅಂತಿದ್ದೆ. ನೀವು ನಿಲ್ಲಲೇ ಇಲ್ಲ. ನನಗೂ ಹೋಗಬ್ಯಾಡ ಅಂದ್ರಿ."

ಸಿಟ್ಟು ಬರಲಿ ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ, ಬಂದದ್ದು ನಾಚಿಕೆ. ವೋಟಿಲ್ಲದವಳನ್ನು ಪಾಸ್ಟರು ಕೂತು ಕೇಳಿದ್ದರು. ವೋಟಿದ್ದವಳನ್ನು ನಾನು ಎಣಿಸಿಕೊಂಡಿದ್ದೆ.

ಎದ್ದು ನಿಂತೆ. ಎಲ್ಲರ ಹತ್ತಿರ ಅಷ್ಟು ಸಲೀಸಾಗಿ ಆಡಿದ್ದ ಮಾತನ್ನು ಮೊದಲ ಸಲ ಅವಳ ಹತ್ತಿರ ಆಡಿದೆ.

"ಮಂಗಳಾ, ಈ ದೀಪಾವಳಿಗೆ ನಾನು ಸಂಘದಲ್ಲಿ ಮತ್ತೆ ನಿಂತ್ರೆ, ನನಗೆ ವೋಟ್ ಹಾಕ್ತೀಯಾ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ವಿಚಾರ ಮಾಡಿ ಹೇಳ್ತೀನ್ರಿ."

ಪಾಸ್ಟರ್ ವೆಂಡೆಲ್ ನಾಲ್ಕು ಸಲ ಇಡೀ ಊರಿನ ಬಾಗಿಲುಗಳಲ್ಲಿ ಹೀಗೆ ನಿಂತು ಕೇಳಿದ್ದಾರೆ. ನನ್ನ ಸ್ವಂತ ಅಡುಗೆಮನೆಯಲ್ಲಿ ಒಂದು ಸಲ ಕೇಳಲು ನನಗೆ ಎಂಟು ವರ್ಷ ಬೇಕಾಯಿತು.