ಹೊಳೆ ದಾಟದೆ ಬಿಚ್ಚದ ಬುತ್ತಿ

ಹೈದರಾಬಾದಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಒಂದೂಕಾಲು ತಾಸು. ಕುಷಾಯಿಗೂಡದ ನಮ್ಮ ಮನೆಯಿಂದ ಶಂಶಾಬಾದಿನ ವಿಮಾನ ನಿಲ್ದಾಣ ಮುಟ್ಟುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಬೇಕು. ಅವ್ವನಿಗೆ ನಾನು ಆಕಾಶದ ಲೆಕ್ಕವನ್ನಷ್ಟೇ ಹೇಳಿದ್ದೆ. ಮೊಣಕಾಲು ನೋವಿನಿಂದ ಆಕೆಗೆ ರೈಲಿನ ಪ್ರಯಾಣ ಆಗುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿರುವ ತನ್ನ ಅಕ್ಕನನ್ನು, ಅಂದರೆ ನನ್ನ ದೊಡ್ಡವ್ವನನ್ನು, ನೋಡದೆ ವರ್ಷಗಳೇ ಆಗಿದ್ದವು.

"ಇದೊಂದು ಸಲ ನೋಡ್ತೀನಿ. ಮನಸ್ಸಿಗೆ ಬರಲಿಲ್ಲಂದ್ರ ಮತ್ತ ವಿಮಾನ ಹತ್ತಂಗಿಲ್ಲ" ಎಂದು ಅವ್ವ ಮೊದಲೇ ಹೇಳಿಬಿಟ್ಟಳು. ಹತ್ತದಿದ್ದರೆ ಅಕ್ಕತಂಗಿಯರ ಭೇಟಿ ಇನ್ನು ಫೋನಿನಲ್ಲೇ ಎಂಬ ಚಿಂತೆ ನನಗೆ.

ಹೊರಡುವ ಬೆಳಿಗ್ಗೆ ನೋಡಿದರೆ ಅಡುಗೆಮನೆಯಲ್ಲಿ ಚಪಾತಿ, ಎಣ್ಣೆಗಾಯಿ ತಯಾರಾಗುತ್ತಿದ್ದವು.

"ಅವ್ವಾ, ಕಣ್ಣು ಮುಚ್ಚಿ ತೆಗೆಯೂದ್ರಾಗ ಹುಬ್ಬಳ್ಳಿ ಬರತೈತಿ. ಬುತ್ತಿ ಯಾಕ?"

"ಊರಿಗೆ ಹೊಂಟೀವಿ. ಬುತ್ತಿ ಇಲ್ಲದ ಹೋಗೂದೇನು?"

ಡಬ್ಬಿಗೆ ಎರಡು ಟವೆಲ್ ಸುತ್ತಿದಳು. ನಮ್ಮ ಮನೆಯಲ್ಲೊಂದು ಕಟ್ಟಳೆಯಿದೆ: ರೈಲು ಕೃಷ್ಣಾ ನದಿ ದಾಟಬೇಕು, ಹೊಳೆಗೆ ಕೈಮುಗಿಯಬೇಕು, ಆಮೇಲೆಯೇ ಬುತ್ತಿ ಬಿಚ್ಚಬೇಕು. ಅವ್ವನ ಮದುವೆಯಾದ ಹೊಸತರಲ್ಲಿ ಅವಳ ತಾಯಿ, ನನ್ನ ಅಜ್ಜಿ, ಹಾಕಿಕೊಟ್ಟದ್ದು. ಅಲ್ಲಿಯವರೆಗೆ ಅವ್ವ ಚಹಾ ಬಿಟ್ಟು ಏನನ್ನೂ ಮುಟ್ಟುವವಳಲ್ಲ.

ಕಿಟಕಿಯ ಪಕ್ಕ ಕೂತವಳೇ ಗಗನಸಖಿಯನ್ನು ಕರೆದು, ಕೃಷ್ಣಾ ಬಂದಾಗ ಹೇಳಮ್ಮಾ ಎಂದು ತೆಲುಗಿನಲ್ಲಿ ಕೇಳಿಕೊಂಡಳು. ಆ ಹುಡುಗಿ ನಕ್ಕು ತಲೆಯಾಡಿಸಿದಳು. ಮೇಲೆ ಹೋದರೆ ಎಲ್ಲೆಲ್ಲೂ ಬರೀ ಮೋಡ. ನಾನೂ ಅವ್ವನ ಹೆಗಲ ಮೇಲಿಂದ ಬಗ್ಗಿ ಹುಡುಕಿದೆ. ಹೊಳೆ ಹೋಗಲಿ, ಒಂದು ಹಳ್ಳವೂ ಕಾಣಲಿಲ್ಲ. ಇಳಿಯುವ ಘೋಷಣೆ ಬಂತು. ಬುತ್ತಿ ಅವ್ವನ ತೊಡೆಯ ಮೇಲೆ ಹಾಗೇ ಇತ್ತು, ಮುಖ ಗಡಿಗೆಯಷ್ಟು ದಪ್ಪವಾಗಿತ್ತು. ಇದೇ ಮೊದಲು, ಇದೇ ಕೊನೆ ಎಂದುಕೊಂಡೆ.

ಹೊರಗೆ ದೊಡ್ಡವ್ವ ಕಾಯುತ್ತ ನಿಂತಿದ್ದಳು. ಅಪ್ಪಿಕೊಂಡದ್ದಾದ ಮೇಲೆ ಮೊದಲ ಪ್ರಶ್ನೆ, "ಉಂಡೀರಿಲ್ಲೋ?"

"ಹೆಂಗ ಉಣ್ಣೂದು? ಹೊಳಿನ ಕಾಣಲಿಲ್ಲ!"

ದೊಡ್ಡವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹುಚ್ಚಿ! ಗಾಡಿ ಬಿಡೂದಕ್ಕೂ ಮೊದ್ಲ ಬುತ್ತಿ ಬಿಚ್ಚಾಕಿ ನೀನು. ಪಾಪ, ಅಳಿಯಗ ಏನೂ ಉಳಿಯಂಗಿಲ್ಲಂತ ನಮ್ಮವ್ವ ಹೊಳಿ ನೆಪ ಹೇಳಿದ್ಲು. ಮನ್ಯಾಗ ಎಲ್ಲಾರಿಗೂ ಗೊತ್ತೈತಿ!"

ಇಷ್ಟು ವರ್ಷ ಹಸಿದುಕೊಂಡು ಹೊಳೆ ಕಾದ ಅವ್ವ ಒಂದು ಗಳಿಗೆ ಬಾಯಿ ತೆರೆದು ನಿಂತಳು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಟವೆಲ್ ಬಿಚ್ಚಿದೆವು.

ದೊಡ್ಡವ್ವ ಒಂದು ಚಪಾತಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು. "ಇನ್ನೂ ಬೆಚ್ಚಗ ಐತಲ್ಲ! ಇಷ್ಟು ಹತ್ರ ಇದ್ದೀಯೇನ ನೀನು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವ್ವ ತುತ್ತು ನುಂಗಿ ಅಂದಳು, "ಮುಂದಿನ ತಿಂಗಳ ಹೋಳಿಗಿ ಮಾಡ್ಕೊಂಡು ಬರ್ತೀನಿ."