ಹತ್ತು ವರ್ಷ ಒಣಗಿದ ಬೂಟು

ಬೂಟು ಬಾಡಿಗೆಗೆ ಕೊಡುವ ಅಂಗಡಿಗೆ ಸೇರಿದ ಮೊದಲ ಎರಡು ವಾರ ನಾನು ಬಂದ ಗಿರಾಕಿಗಳಿಗೆಲ್ಲ ಅವರ ಅಳತೆಗಿಂತ ಒಂದು ನಂಬರ್ ದೊಡ್ಡದನ್ನೇ ಕೊಟ್ಟು ಕಳಿಸಿದೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ದಯಾಗುಣ. ಬೆರಳು ಮುಂದಕ್ಕೆ ತಾಗಿದರೆ ಬೂಟು ಚಿಕ್ಕದು, ಒಳಗೆ ಕಾಲು ಹಾಯಾಗಿ ಓಡಾಡಿಕೊಂಡಿದ್ದರೆ ಅದೇ ಸುಖ ಎಂದು ನಂಬಿದ್ದೆ. ಬೆಳಿಗ್ಗೆ ಎಲ್ಲರೂ "ಆಹಾ, ಎಷ್ಟು ಆರಾಮ" ಎಂದು ಸೊಂಟ ಬಗ್ಗಿಸಿ ನಮಸ್ಕರಿಸಿ ಹೋಗುತ್ತಿದ್ದರು. ಸಂಜೆ ಕುಂಟುತ್ತ ಬಂದು, ಸೊಂಟ ಬಗ್ಗಿಸದೆ, ಬೂಟನ್ನು ಕೌಂಟರಿನ ಮೇಲೆ ಕುಕ್ಕಿ ಹೋಗುತ್ತಿದ್ದರು. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವವರಿಗೆ, ಬೂಟಿನೊಳಗೆ ಹಿಮ್ಮಡಿ ಒಂದು ಬೆರಳಷ್ಟು ಎದ್ದರೂ ಸಾಕು, ಹಲಗೆ ಹೇಳಿದ ಮಾತು ಕೇಳುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಕೊನೆಗೆ ಅಂಗಡಿಯ ಒಡತಿ ತೊಕುಯೆ ಅಜ್ಜಿ ಖಾಲಿಯಾದ ದೊಡ್ಡ ನಂಬರಿನ ಕಪಾಟಿನ ಮುಂದೆ ನಿಂತು, ನನ್ನ ಹೆಸರು ಹಿಡಿದು ಕರೆದು, "ಏನೋ ನಗುಮೊ, ಈ ವರ್ಷ ನಮ್ಮೂರಿಗೆ ಬರೀ ರಾಕ್ಷಸರೇ ಬರ್ತಿದಾರಾ?" ಎಂದರು.

ಆಮೇಲೆ ಅಜ್ಜಿಯೇ ಪಾಠ ಹೇಳಿದರು. ನೆಟ್ಟಗೆ ನಿಂತರೆ ಬೆರಳು ಮುಂದೆ ಮುಟ್ಟಬೇಕು. ಮಂಡಿ ಬಗ್ಗಿಸಿದರೆ ಬೆರಳು ಹಿಂದೆ ಸರಿಯಬೇಕು. ಏನೇ ಮಾಡಿದರೂ ಹಿಮ್ಮಡಿ ಏಳಬಾರದು. ಮೂರು ಮಾತು ಕಲಿತದ್ದೇ ತಡ, ನಾನು ಪಂಡಿತನಾದೆ. ದಡ್ಡನಾಗಿದ್ದಾಗ ಗಿರಾಕಿಗಳ ಕಾಲಷ್ಟೇ ನೋಯುತ್ತಿತ್ತು. ಪಂಡಿತನಾದ ಮೇಲೆ ಒಬ್ಬರ ಸಂಸಾರಕ್ಕೇ ಕೈ ಹಾಕಿದೆ.

ಅವರು ಯೊನೆಕುರಾ ಇಸಾವೊ. ಊರೆಲ್ಲ ಕರೆಯುವುದು ಮೇಸ್ತ್ರಿ ಎಂದೇ. ನಲವತ್ತೆಂಟು ವಯಸ್ಸು, ಮರಗೆಲಸ. ಹದಿನೈದನೇ ವಯಸ್ಸಿನಿಂದ ಹೆಬ್ಬೆರಳು ಬೇರೆಯಾಗಿರುವ ಬಟ್ಟೆಯ ಬೂಟು ಹಾಕಿಕೊಂಡು ತೊಲೆಗಳ ಮೇಲೆ ನಡೆದವರು, ಹಾಗಾಗಿ ಪಾದದ ಮುಂಭಾಗ ಅನ್ನದ ಸಟ್ಟುಗದಂತೆ ಅಗಲ. ಎರಡು ವರ್ಷದ ಕೆಳಗೆ ಮಾಡಿನ ಮೇಲಿನ ಹಿಮ ಎಳೆಯುವಾಗ ಬಿದ್ದರು. ಅಂದಿನಿಂದ ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಕೈ ಏಳದ ಮರಗೆಲಸದವನನ್ನು ಚಳಿಗಾಲದಲ್ಲಿ ಯಾರು ಕರೆಯುತ್ತಾರೆ? ಉಳಿದದ್ದು ಎರಡೇ ದಾರಿ. ಒಂದು, ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಮನೆ ಬಿಟ್ಟು ದೂರದ ಸೈತಾಮಾದ ಗೋದಾಮಿಗೆ ಹೋಗಿ ಪೆಟ್ಟಿಗೆ ಹೊರುವುದು. ಇನ್ನೊಂದು, ನಮ್ಮ ಬೆಟ್ಟದ ಸ್ನೋಬೋರ್ಡ್ ಶಾಲೆಯಲ್ಲಿ ಕಲಿಸುವ ಕೆಲಸ. ಮೇಸ್ತ್ರಿ ಇಪ್ಪತ್ತೈದು ವರ್ಷದಿಂದ ಜಾರುತ್ತಿದ್ದರು, ಶಾಲೆಯವರೂ ಒಪ್ಪಿದ್ದರು, ಆದರೆ ಬೋಧಕರ ಪರೀಕ್ಷೆ ಪಾಸಾಗಬೇಕು. ಪರೀಕ್ಷೆ ಜನವರಿಯ ಮೂರನೇ ಭಾನುವಾರ. ಸೋಮವಾರ ಗೋದಾಮಿನವರಿಗೆ ಹೂಂ ಅಥವಾ ಊಹೂಂ ಹೇಳಬೇಕು.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಅವರ ಹಳೆಯ ಬೂಟು ಹರಿಯಿತು. ಹೊಸದಕ್ಕೆ ನಲವತ್ತು ಸಾವಿರ ಯೆನ್. ಮೇಸ್ತ್ರಿ ನನ್ನ ಕೌಂಟರಿಗೆ ಬಂದು, "ತಮ್ಮಾ, ಅಗ್ಗದ್ದು ಬೇಕು, ಕಚ್ಚಬಾರದು. ನಿನಗೆ ಇದೆಲ್ಲ ಗೊತ್ತಂತಲ್ಲ?" ಎಂದರು.

ಎಲ್ಲಾ ಗೊತ್ತು ಎಂಬಂತೆ ತಲೆಯಾಡಿಸಿದೆ.

ಮಂಗಳವಾರ ನನಗೆ ರಜೆ. ಇಬ್ಬರೂ ಪಕ್ಕದ ಪಟ್ಟಣದ ಹಳೇ ಸಾಮಾನಿನ ಅಂಗಡಿಗೆ ಹೋದೆವು. ಆರು ಜೊತೆ ಹಾಕಿ ನೋಡಿದರು. ಒಂದು ಕಿರುಬೆರಳು ಹಿಂಡಿತು, ಒಂದು ಕಣಕಾಲಿಗೆ ಒತ್ತಿತು, ಒಂದರ ಒಳಗೆ ಯಾರದೋ ಕಾಲುಚೀಲ ಇತ್ತು. ಏಳನೆಯದು ಡಬ್ಬಿಯಲ್ಲಿ, ಮೂತಿಯೊಳಗೆ ತುರುಕಿದ ಕಾಗದದ ಸಮೇತ. ಕಪ್ಪು, ಅಗಲ, ಒಂದು ಗೀರೂ ಇಲ್ಲ.

ನಾನು ನೆಲಕ್ಕೆ ಕೂತು ಕೇಳಿದೆ. "ಬೆರಳು?"

"ಮುಟ್ಟಿದೆ. ಜಗಳ ಆಡ್ತಿಲ್ಲ."

"ಮಂಡಿ ಬಗ್ಗಿಸಿ. ಹಿಮ್ಮಡಿ ಏಳ್ತಿದೆಯಾ?"

"ಇಲ್ಲ. ಹಿಡ್ಕೊಂಡಿದೆ."

ಬೆಲೆ ಆರು ಸಾವಿರ. ಯಾಕಿಷ್ಟು ಅಗ್ಗ ಎಂದು ಕೇಳಿದಾಗ ಅಂಗಡಿಯವನು, "ಹನ್ನೊಂದು ವರ್ಷದ ಮಾಲು. ಗೋದಾಮಲ್ಲೇ ಇತ್ತು, ಯಾರೂ ಕಾಲಿಟ್ಟಿಲ್ಲ" ಎಂದ. ಅದನ್ನು ಕೇಳಿ ಮೇಸ್ತ್ರಿಯ ಮುಖ ಅರಳಿತು. ಬೆರಳ ಗೆಣ್ಣಿನಿಂದ ಅಟ್ಟೆಯನ್ನು ಟಕ್ ಟಕ್ ಎಂದು ಬಡಿದು ಕಿವಿಗೊಟ್ಟರು.

"ನೋಡು ತಮ್ಮಾ, ಹಸಿ ಮರದಲ್ಲಿ ಯಾರಾದ್ರೂ ಮನೆ ಕಟ್ತಾರಾ? ಹತ್ತು ವರ್ಷ ಒಣಗಿದ ತೊಲೆ ಸಿಕ್ಕರೆ ನಾವು ಕಾಲಿಗೆ ಬೀಳ್ತೀವಿ. ಇದೂ ಹಂಗೇ."

ಪಂಡಿತ ಏನು ಹೇಳಿದ? "ಹೊಸದರ ಹಾಗೇ ಇದೆ, ತಗೊಳ್ಳಿ ಮೇಸ್ತ್ರಿ" ಎಂದ.

ಅವರು ಅದನ್ನು ಮನೆಗೆ ಒಯ್ದು, ನಡುಕೋಣೆಯಲ್ಲಿ ಹೂದಾನಿ ಇಡುವ ಗೂಡಿನಲ್ಲಿ ಹಳೇ ಪೇಪರ್ ಹಾಸಿ ಇಟ್ಟರು. ಹೊಸ ಕಾಲ್ಮೆಟ್ಟನ್ನು ಒಳ್ಳೆಯ ದಿನ, ಬೆಳಗಿನ ಹೊತ್ತೇ ಮೊದಲು ಮೆಟ್ಟಬೇಕು ಎಂಬುದು ಅವರ ತಾಯಿ ಕಲಿಸಿದ ಪದ್ಧತಿ. ಪರೀಕ್ಷೆಯ ಬೆಳಗಿಗಿಂತ ಒಳ್ಳೆಯ ಬೆಳಗು ಯಾವುದು? ಅಲ್ಲಿಯವರೆಗೆ ಸ್ನೋಬೋರ್ಡ್ ಶಾಲೆಯ ಗೆಳೆಯನ ಬೂಟನ್ನು, ಕಿರುಬೆರಳು ಹಿಂಡಿದರೂ, ಎರವಲು ತಂದು ಜಾರಿದರು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ನನ್ನ ಸಾಧನೆಯನ್ನು ತೊಕುಯೆ ಅಜ್ಜಿಗೆ ಹೇಳಿಕೊಂಡೆ. ಹಲಗೆಗೆ ಮೇಣ ಬಳಿಯುತ್ತಿದ್ದ ಕೈ ನಿಂತಿತು.

"ಎಷ್ಟು ವರ್ಷ ಅಂದೆ?"

"ಹನ್ನೊಂದು. ಒಂದು ಸಲಾನೂ ಹಾಕಿಲ್ಲ ಅಜ್ಜಿ."

ಅಜ್ಜಿ ಒಳಗೆ ಹೋಗಿ ಒಂದು ಹಳೇ ಬೂಟು ತಂದರು. ಅದೂ ಫಳಫಳ. ಅಟ್ಟೆಯ ಪಕ್ಕಕ್ಕೆ ಹೆಬ್ಬೆರಳು ಒತ್ತಿದರು. ರಬ್ಬರಿನ ಒಳಗಿದ್ದ ಮೆತ್ತನೆಯ ಪದರ ಒಣಗಿದ ಕೇಕಿನಂತೆ ಪುಡಿಪುಡಿಯಾಗಿ ನೆಲಕ್ಕೆ ಉದುರಿತು.

"ನಮ್ಮೂರ ಗಾಳೀಲಿ ನೀರಿದೆಯಪ್ಪ. ದಿನಾ ತುಳಿದಿದ್ದು ಹೆಂಗೋ ತಡಕೊಳ್ಳುತ್ತೆ. ಡಬ್ಬೀಲಿಟ್ಟಿದ್ದು ಒಳಗೊಳಗೇ ಸಾಯುತ್ತೆ. ಹೊರಗೆ ಮದುಮಗಳು, ಒಳಗೆ ಹಿಟ್ಟು."

"ಎಲ್ಲಾ ಬೂಟೂ ಹಂಗೇನಾ?"

"ಎಲ್ಲಾ ಅಲ್ಲ. ಯಾವುದು ಅಂತ ಹಲಗೆ ಮೇಲೆ ನಿಂತಾಗಲೇ ಗೊತ್ತಾಗೋದು."

ಆ ಮಧ್ಯಾಹ್ನವೇ ಮೇಸ್ತ್ರಿಯ ಮನೆಗೆ ಹೋದೆ. ಹೇಳಲೆಂದೇ ಹೋದದ್ದು. ಹೆಂಡತಿ ಫುಮಿಯೆ ಚಹಾ ಕೊಟ್ಟು, ಉಪ್ಪಿನಲ್ಲಿ ಹಾಕಿದ ಸೊಪ್ಪು ಬಡಿಸಿದರು. ಹತ್ತು ವರ್ಷದ ಮಗಳು ಗೂಡಿನ ಮುಂದೆ ಕೂತು ಬೂಟಿನ ಚಿತ್ರ ಬರೆಯುತ್ತಿದ್ದಳು. ಮೇಸ್ತ್ರಿ ಅವಳನ್ನೇ ನೋಡುತ್ತ, "ನಮ್ಮಪ್ಪ ಪ್ರತಿ ಚಳಿಗಾಲ ಕೂಲಿಗೆ ಕೆಳಗೆ ಹೋಗ್ತಿದ್ದ. ನನಗೆ ಗೊತ್ತಿರೋದು ಅವನ ಬೇಸಿಗೆಯ ಮುಖ ಅಷ್ಟೇ" ಎಂದರು. ನಾನು ಮೂರು ಸಲ ಸೊಪ್ಪು ಹಾಕಿಸಿಕೊಂಡು ತಿಂದು ಎದ್ದು ಬಂದೆ. ಅಷ್ಟು ಉಪ್ಪು ತಿಂದ ಬಾಯಲ್ಲಿ ಒಂದು ಮಾತು ಹೊರಡಲಿಲ್ಲ.

ಮರುದಿನ ಹೇಳಿದೆ. ಹೆದರಿಕೆ ಕಮ್ಮಿಯಾಗಿ ಅಲ್ಲ. ನಾನು ಹೇಳದಿದ್ದರೆ ತಾನೇ ಹೇಳುತ್ತೇನೆಂದು ಅಜ್ಜಿ ಕೋಟು ಹಾಕಿಕೊಂಡು ನಿಂತಿದ್ದರು.

ಮೇಸ್ತ್ರಿ ಬೂಟು ಎತ್ತಿ ಮತ್ತೆ ಟಕ್ ಟಕ್ ಬಡಿದರು. "ಗಟ್ಟಿ ಇದೆಯಲ್ಲೋ."

"ಅದು ಮರ ಅಲ್ಲ ಮೇಸ್ತ್ರಿ. ನಮ್ಮ ಅಂಗಡೀದು ಒಂದು ಜೊತೆ ತಗೊಳ್ಳಿ, ದುಡ್ಡು ಬೇಡ ಅಂದಿದಾರೆ ಅಜ್ಜಿ."

ನಮ್ಮ ಬಾಡಿಗೆ ಬೂಟುಗಳ ಹಿಮ್ಮಡಿಯ ಮೇಲೆ ಅಂಗೈಯಗಲ ಹಳದಿ ಬಣ್ಣದಲ್ಲಿ ನಂಬರ್ ಬರೆದಿರುತ್ತದೆ. ಬೆಟ್ಟದ ಆ ತುದಿಗೂ ಕಾಣುತ್ತದೆ, ಕಳ್ಳರು ಒಯ್ಯಬಾರದೆಂದು. ಮೇಸ್ತ್ರಿ ಅದನ್ನು ನೆನೆಸಿಕೊಂಡೇ ಕೆಂಪಾದರು.

"ಕಲಿಸೋನಾಗೋಕೆ ಹೊರಟು ಬಾಡಿಗೆ ಬೂಟಾ? ಮದುವೆ ಗಂಡು ಎರವಲು ಹಲ್ಲು ಕಟ್ಕೊಂಡು ಹೋದಂಗೆ! ಅಂಟು ಹಾಕ್ತೀನಿ ಬಿಡು. ಇಪ್ಪತ್ತು ವರ್ಷದಿಂದ ಅಂಟಿಸಿದ್ದು ಒಂದೂ ಬಿಟ್ಟಿಲ್ಲ."

ಅಟ್ಟೆಯ ಸುತ್ತ ಅಂಟು ಬಳಿದು ಎರಡು ದಿನ ಮರದ ಪಟ್ಟಿಗಳ ನಡುವೆ ಬಿಗಿದಿಟ್ಟರು. ಹೊರಗಿನ ಅಂಚು ನಿಜಕ್ಕೂ ಕಲ್ಲಾಯಿತು. ಒಳಗಿನ ಪುಡಿಗೆ ಅಂಟು ಎಲ್ಲಿಂದ ಮುಟ್ಟಬೇಕು?

ಭಾನುವಾರ ಬೆಳಿಗ್ಗೆ ನಾನು ಒಬ್ಬ ಗಿರಾಕಿಗೆ ಎರಡೂ ಎಡಗಾಲಿನದೇ ಕೊಟ್ಟೆ. ಅಜ್ಜಿ ನನ್ನ ಬೆನ್ನಿಗೆ ಚೀಲ ಏರಿಸಿದರು. "ಮೇಸ್ತ್ರಿ ಅಳತೆ ಬೂಟು, ಇಪ್ಪತ್ತೇಳೂವರೆ ನಂಬರಿಂದು, ಇಟ್ಟಿದೀನಿ. ಹೋಗು. ಇಲ್ಲಿದ್ದು ನನ್ನ ಅಂಗಡಿ ಮುಳುಗಿಸ್ಬೇಡ."

ಹನ್ನೊಂದು ಜನ ಅಭ್ಯರ್ಥಿಗಳು, ಹೆಚ್ಚಿನವರು ಮೇಸ್ತ್ರಿಯ ಅರ್ಧ ವಯಸ್ಸಿನವರು. ಇವರ ಎದೆಯ ಮೇಲಿನ ನಂಬರ್ ಒಂಬತ್ತು. ನಾನು ಕೆಳಗೆ ಹಗ್ಗದ ಆಚೆ ನಿಂತಿದ್ದೆ. ಉಳಿದವರೆಲ್ಲ ಅವರು ತಿರುಗುವ ಚೆಂದ ನೋಡಿದರೆ ನನ್ನ ಕಣ್ಣು ಪಾದ ಬಿಟ್ಟು ಮೇಲೇಳಲಿಲ್ಲ. ಮೊದಲ ಇಳಿತ, ಏನೂ ಆಗಲಿಲ್ಲ. ಎರಡನೆಯದೂ ಸರಿ. ಅಜ್ಜಿಗೆ ವಯಸ್ಸಾಯಿತು, ಸುಮ್ಮನೆ ಹೆದರಿಸಿದರು ಎಂದು ಮನಸ್ಸಿನಲ್ಲೇ ಅವರ ಮೇಲೆ ಸಿಟ್ಟೂ ಬಂತು. ಮೂರನೆಯ ಇಳಿತದ ಕೊನೆಗೆ ಮೇಸ್ತ್ರಿ ಪಟ್ಟಿ ಬಿಚ್ಚಿ ಎರಡು ಹೆಜ್ಜೆ ಇಟ್ಟರು. ಎಡಗಾಲಿನ ಅಟ್ಟೆ ನಾಯಿಯ ನಾಲಗೆಯಂತೆ ಜೋತುಬಿತ್ತು.

ಮುಂದಿನ ಸರದಿಗೆ ಹನ್ನೆರಡು ನಿಮಿಷ ಇತ್ತು. ನಾನು ಹಗ್ಗ ಹಾರಿ ಓಡಿ ಎರಡು ಸಲ ಬಿದ್ದು ತಲುಪಿದೆ. ಮೇಸ್ತ್ರಿ ಹಿಮದ ಮೇಲೆ ಕೂತಿದ್ದರು. ಸುತ್ತ ಬೂದು ಬಣ್ಣದ ಪುಡಿ. ನನ್ನ ಮುಖ ನೋಡಲಿಲ್ಲ. ಚೀಲದಿಂದ ಬೂಟು ತೆಗೆದೆ, ಹಳದಿ ನಂಬರನ್ನು ಆದಷ್ಟು ಕೆಳಗೆ ಮಾಡಿ. ಅವರೇ ಅದನ್ನು ತಿರುಗಿಸಿ, ನಂಬರ್ ಓದಿ, ಕೆಳಗೆ ಸೈತಾಮಾ ಬಸ್ಸು ನಿಲ್ಲುವ ಕಡೆ ಒಂದು ಸಲ ನೋಡಿ, ಕಾಲು ತೂರಿಸಿದರು.

"ಬೆರಳು ಮುಟ್ಟಿದೆಯಾ?"

"ಮುಟ್ಟಿದೆ."

"ಹಿಮ್ಮಡಿ?"

"ಬಾಯಿ ಮುಚ್ಕೊಂಡು ದಾರ ಕಟ್ಟೋ."

ನೂರಾರು ಜನರ ಕಾಲು ಹೊಕ್ಕು ಹಿಗ್ಗಿದ ಬೂಟು ಅದು. ಮೆತ್ತಗೆ, ಅಗಲ, ವಾಸನೆ ಬೇರೆ. ಸಣ್ಣ ತಿರುವುಗಳಲ್ಲಿ ಹಲಗೆ ತಡವಾಗಿ ಕೇಳುತ್ತಿತ್ತು. ಒಮ್ಮೆ ಅವರ ಕೈ ಹಿಮಕ್ಕೆ ತಾಗಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವರು ನಿಂತೇ ಇದ್ದರು, ಪರೀಕ್ಷಕರು ಏನೋ ಬರೆಯುತ್ತಿದ್ದರು. ಅದೇನು ಬರೆದರೋ ಎಂದು ಹಗ್ಗದ ಮೇಲಿಂದ ಕತ್ತು ಚಾಚಿದೆ.

ಕೊನೆಯದು ಪಾಠ ಹೇಳುವ ಪರೀಕ್ಷೆ. ಉಳಿದವರು ನಿಲ್ಲುವುದು, ತಿರುಗುವುದು ಕಲಿಸಿದರು. ಮೇಸ್ತ್ರಿ ಬೀಳುವುದನ್ನು ಕಲಿಸಿದರು. "ಕೈ ಚಾಚ್ಬೇಡಿ, ಮುಷ್ಟಿ ಕಟ್ಟಿ ಎದೆಗೆ ಒತ್ಕೊಳ್ಳಿ. ನಾನೊಬ್ಬ ಕೈ ಚಾಚಿ ಬಿದ್ದು ನೋಡಿದೀನಿ, ನೀವ್ಯಾರೂ ನೋಡೋದು ಬೇಡ." ಒಬ್ಬ ಪರೀಕ್ಷಕ ನಕ್ಕ. ಆ ನಗು ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ನಾಲ್ಕು ಗಂಟೆಯವರೆಗೆ ತೂಗಿ ನೋಡುತ್ತಲೇ ಇದ್ದೆ.

ನಾಲ್ಕಕ್ಕೆ ಊಟದ ಮನೆಯ ಗೋಡೆಗೆ ಹಾಳೆ ಅಂಟಿಸಿದರು. ಆರು ನಂಬರುಗಳು. ಒಂಬತ್ತು ಇದ್ದದ್ದು ಕೊನೆಯಿಂದ ಎರಡನೆಯದು. ಮೇಸ್ತ್ರಿ ಹಾಳೆಯನ್ನು ಎರಡು ಸಲ ಓದಿ ಫುಮಿಯೆಗೆ ಫೋನು ಹಚ್ಚಿ, "ಗೋದಾಮಿನವರಿಗೆ ಬರಲ್ಲ ಅಂತ ಹೇಳ್ಬಿಡು" ಎಂದಷ್ಟೇ ಹೇಳಿ ಇಟ್ಟರು. ನಾನು ಹಾಳೆಯನ್ನು ಮೂರನೆಯ ಸಲ ಓದಿದೆ.

ಶಾಲೆಯ ಮುಖ್ಯಸ್ಥ ಒಬಾತಾ ಕೆಂಪು ಕೋಟು ತಂದು ಎರಡೂ ಕೈಯಲ್ಲಿ ಕೊಟ್ಟರು. ಕೊಟ್ಟ ಮೇಲೂ ಹೋಗಲಿಲ್ಲ. ಅವರ ಕಣ್ಣು ಮೇಸ್ತ್ರಿಯ ಹಿಮ್ಮಡಿಗೆ ಹೋಯಿತು, ಗೋಡೆಗೆ ಹೋಯಿತು, ಮತ್ತೆ ಹಿಮ್ಮಡಿಗೇ ಬಂತು. ಪಾಸಾದ ಹುಡುಗರೆಲ್ಲ ಮಿಸೊ ಸಾರಿನ ಬಟ್ಟಲು ಹಿಡಿದು ಸುತ್ತ ನಿಂತಿದ್ದರು.

"ಯೊನೆಕುರಾ-ಸಾನ್, ತಪ್ಪು ತಿಳ್ಕೋಬೇಡಿ. ನಾಳೆ ಟೋಕಿಯೊದಿಂದ ಗಿರಾಕಿಗಳು ಬರ್ತಾರೆ. ಅವರ ಮುಂದೆ ಅದು... ಆ ಬಾಡಿಗೆ ಬೂಟಲ್ಲೇ ನಿಲ್ತೀರಾ?"



"ನಿಲ್ತೀನಿ" ಎಂದರು ಮೇಸ್ತ್ರಿ. "ಬೇರೆ ತಗೊಳ್ಳೋಕೆ ದುಡ್ಡಿಲ್ಲ. ಇದು ಕಚ್ಚಲ್ಲ."