ವುಬಿತಳ ಮೂರನೇ ಸುತ್ತು

ನಮ್ಮ ಕಿರ್ಯಾತ್ ಗಾತ್‌ನಲ್ಲಿ ಶಾಲೆಯ ನೆಲ ಒರೆಸುವ ವುಬಿತಳಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ಎದುರು ಮನೆಯವಳು ನಾನು, ಆ ಹಟದ ಬಿಸಿ ನನಗೂ ತಟ್ಟಿದೆ. ಇಥಿಯೋಪಿಯಾದ ಗೊಂದರಿನಿಂದ ಇಸ್ರೇಲಿಗೆ ಬಂದ ಯೆಹೂದಿಗಳು ನಾವು. ನಮಗೆ ಪೌರತ್ವವೂ ಸಿಕ್ಕಿತು, ಓಟೂ ಸಿಕ್ಕಿತು. ಅವಳ ಅಕ್ಕ ಲಕೆಚ್ ಮಾತ್ರ ಹನ್ನೊಂದು ವರ್ಷದಿಂದ ಗೊಂದರಿನಲ್ಲೇ ಅನುಮತಿಗೆ ಕಾಯುತ್ತಿದ್ದಳು.

ಚುನಾವಣೆ ಬಂದಾಗಲೆಲ್ಲ ನಾಯಕರು ನಮ್ಮ ಓಣಿಗೆ ಬಂದು, ಒಂದು ಬಟ್ಟಲು ಕಾಫಿ ಕುಡಿದು, ನಿಮ್ಮವರನ್ನೆಲ್ಲ ಕರೆಸುತ್ತೇವೆ ಎಂದು ಹೇಳಿ ಹೋಗುತ್ತಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಆದರೂ ನಾವು ಪೆದ್ದರು ಪ್ರತಿ ಸಲವೂ ಓಟು ಹಾಕುತ್ತಿದ್ದೆವು.

ಆ ಸಲ ವುಬಿತ್ ಮನೆಗೆ ಬಂದವನು ಅಮೀರಾಮ್, ಒಂದು ಸಣ್ಣ ಪಕ್ಷದ ಮುಖಂಡ. ಕಾಲಿಗೆ ಚಕ್ರ ಕಟ್ಟಿಕೊಂಡ ಆಸಾಮಿ. ಮೊದಲ ಬಟ್ಟಲು ಮುಗಿಸಿ, ಗಡಿಯಾರ ನೋಡಿ ಎದ್ದ. ನಮ್ಮಲ್ಲಿ ಒಂದೇ ಪುಡಿಯಲ್ಲಿ ಮೂರು ಸುತ್ತು ಕಾಫಿ ಕಾಯಿಸುತ್ತಾರೆ. ಆಶೀರ್ವಾದ ಇರುವುದು ಮೂರನೆಯದರಲ್ಲಿ, ಅದಕ್ಕೆ ಮೊದಲು ಎದ್ದವನು ಮನೆಯವರಿಗೆ ಬೆನ್ನು ತೋರಿಸಿದಂತೆ. ಪಾಪ, ಅವನಿಗೇನು ಗೊತ್ತು.

ವುಬಿತ್ ಬಾಗಿಲಿಗೆ ಅಡ್ಡ ನಿಂತಳು. "ಕೂತ್ಕೊಳ್ಳಪ್ಪ. ಹನ್ನೊಂದು ವರ್ಷ ನಾವು ಕಾದಿದೀವಿ, ನಿಂಗೆ ಎರಡು ಸುತ್ತು ಕಾಯೋಕಾಗಲ್ವಾ? ಹೀಗೆ ಎದ್ದು ಹೋದೋರಿಗೆ ಈ ಓಣೀಲಿ ಒಂದು ಓಟೂ ಬೀಳಲ್ಲ."

ಅವನು ಕೂತ. ಎರಡನೇ ಸುತ್ತಿಗೆ ಅಕ್ಕಪಕ್ಕದ ಹೆಂಗಸರೆಲ್ಲ ಬಂದು, ಗೊಂದರಿನಲ್ಲಿ ಉಳಿದ ತಮ್ಮವರ ಹೆಸರು ಹೇಳಿದರು. ಮೂರನೆಯದು ಕುದಿಯುವಾಗ ಅವನೇ ಹಾಳೆ ಕೇಳಿ ಒಂದೊಂದೇ ಹೆಸರು ಬರೆದುಕೊಂಡ. ನಲವತ್ತೇಳಾಯಿತು. ಈ ಕೆಲಸ ಆಗದೆ ಯಾವ ಸರ್ಕಾರಕ್ಕೂ ಬೆಂಬಲವಿಲ್ಲ ಎಂದು ಕೆಳಗೆ ಬರೆದು ಸಹಿ ಹಾಕಿದ. ಆಮೇಲೆ ವುಬಿತ್ ಅವನ ತಲೆ ಮುಟ್ಟಿ ಹರಸಿದಳು.

ಓಣಿಗೆ ಓಣಿಯೇ ಅವನ ಪಕ್ಷಕ್ಕೆ ಓಟು ಹಾಕಿತು. ಗೆದ್ದ ದೊಡ್ಡ ಪಕ್ಷಕ್ಕೆ ಸರ್ಕಾರ ಕಟ್ಟಲು ಎರಡು ಸ್ಥಾನ ಕಡಿಮೆ ಬಿತ್ತು, ಆ ಎರಡು ಅವನ ಬಳಿ ಇದ್ದವು. ಪುಣ್ಯಾತ್ಮ ಮಾತಿಗೆ ತಪ್ಪಲಿಲ್ಲ. ಒಪ್ಪಂದದಲ್ಲಿ ನಮ್ಮವರ ಪ್ರವೇಶವೂ ಸೇರಿತು.

ಹತ್ತು ತಿಂಗಳಿಗೆ ವಿಮಾನ ನಿಲ್ದಾಣದಲ್ಲಿ ಲಕೆಚ್ ಬಿಳಿ ಶಾಲು ಹೊದ್ದು ಹೊರಬಂದಳು. ಮುಖಂಡನನ್ನೇ ಕೂರಿಸಿದ ವುಬಿತ್ ಚಿಕ್ಕ ಹುಡುಗಿಯಂತೆ ಓಡಿದಳು. ಇಬ್ಬರೂ ತಬ್ಬಿಕೊಂಡು ಅತ್ತರು, ನಕ್ಕರು. ನನಗೂ ಸಂತೋಷ ತಡೆಯಲಾಗಲಿಲ್ಲ.

ಲಕೆಚ್ ಕಣ್ಣೊರೆಸಿಕೊಂಡು ತಂಗಿಯ ಕೈ ಹಿಡಿದಳು.

"ನಂಗೆ ಓಟು ಯಾವಾಗ ಕೊಡ್ತಾರೆ? ಮಗಳಿಗೆ ಅನುಮತಿ ಸಿಗಲಿಲ್ಲ, ಅಲ್ಲೇ ಬಿಟ್ಟು ಬಂದಿದೀನಿ ಕಣೇ."